ಬಾಣಂತಿ ಕೋಣೆಯ ಹವಾ

ನಾನು ನಿಂತದ್ದು ಸಿಂಧನೂರಿನಲ್ಲಿ, ನನ್ನ ಮಗಳ ಮನೆಯ ನಡುಕೋಣೆಯ ಹೊಸ್ತಿಲ ಮೇಲೆ. ಬಲಗಾಲು ಕೋಣೆಯೊಳಗಿತ್ತು, ಎಡಗಾಲು ಇನ್ನೂ ಪಡಸಾಲೆಯಲ್ಲಿತ್ತು. ಬೆಳಗಿನ ಏಳಕ್ಕೆ ಹತ್ತು ನಿಮಿಷ ಬಾಕಿ. ಪಡಸಾಲೆಯ ಗಡಿಯಾರ ಐದು ನಿಮಿಷ ಬಾಕಿ ಎಂದು ತೋರಿಸುತ್ತಿತ್ತು, ಆದರೆ ಅದು ಯಾವಾಗಲೂ ಐದು ನಿಮಿಷ ಮುಂದೆ; ಕಳೆದು ಹೇಳುತ್ತಿದ್ದೇನೆ. ಎಳ್ಳಮಾಸಿಗೆ ನಾಲ್ಕು ದಿನ ಉಳಿದಿತ್ತು. ಮೂರು ಚಳಿಗಾಲದ ಹಿಂದಿನ ಮಾತು.

ಒಳಗೆ ಮಂಚದ ಮೇಲೆ ಇಬ್ಬರಿದ್ದರು. ನನ್ನ ಮಗಳು ಸುವರ್ಣಾ, ಮತ್ತು ಅವಳ ಇಪ್ಪತ್ತಾರು ದಿನದ ಹೆಣ್ಣುಕೂಸು. ಎರಡು ಸಲ ಕೂಗಿದೆ. ಮಗಳು ಏಳಲಿಲ್ಲ.

ಬಾಯಲ್ಲಿ ಹೇಳುವಾಗಲೂ ನಾನು ಇಲ್ಲಿಗೆ ಬಂದು ನಿಲ್ಲುತ್ತೇನೆ, ಕೇಳುವವರು ನೀರು ತಂದುಕೊಡುತ್ತಾರೆ. ಬರೆಯುವಾಗ ನೀರನ್ನು ನಾನೇ ಎದ್ದು ತಂದುಕೊಳ್ಳಬೇಕಾಯಿತು.

ಈಗ ಇದೆಲ್ಲ ಎದ್ದು ಬಂದದ್ದು ಒಂದು ಬಿದಿರು ಕಡ್ಡಿಯಿಂದ. ಮೊನ್ನೆ ಮಸ್ಕಿಯಲ್ಲಿ ನಮ್ಮ ಮನೆಯ ಅಟ್ಟ ಗುಡಿಸುತ್ತಿದ್ದೆ. ಮುರಿದ ಕುರ್ಚಿಯ ಹಿಂದೆ, ನನ್ನಷ್ಟೇ ಎತ್ತರದ ಕಡ್ಡಿ, ಅದಕ್ಕೆ ಕಟ್ಟಿದ ಐದು ಬಿಳಿ ದಾರ. ಪಾದದ ಮಟ್ಟಕ್ಕೊಂದು, ಮೊಣಕಾಲಿಗೊಂದು, ಸೊಂಟಕ್ಕೊಂದು, ಎದೆಗೊಂದು, ತಲೆಗೊಂದು. ದಾರಗಳು ಧೂಳು ಹಿಡಿದು ಜಿಡ್ಡುಗಟ್ಟಿದ್ದವು. ಬೇರೆಯವರಾಗಿದ್ದರೆ ಒಲೆಗೆ ಹಾಕುತ್ತಿದ್ದರು. ನಾನು ಪೊರಕೆ ಕೆಳಗಿಟ್ಟು ಅಟ್ಟದ ಮೇಲೆಯೇ ಕುಳಿತುಬಿಟ್ಟೆ.

ದಾರ ಕಟ್ಟಿ ಗಾಳಿ ನೋಡುವುದು ನಾನು ಹಟ್ಟಿಯಲ್ಲಿ ಕಲಿತ ವಿದ್ಯೆ. ಚಿನ್ನದ ಗಣಿಯಲ್ಲಿ ನನ್ನ ಕೆಲಸ ಚಿನ್ನಕ್ಕೆ ಸಂಬಂಧಿಸಿದ್ದಲ್ಲ, ಗಾಳಿಗೆ ಸಂಬಂಧಿಸಿದ್ದು. ಮಸ್ಕಿಯ ಗೆಳೆಯರು ಇಂದಿಗೂ ನನ್ನನ್ನು ‘ಬರೇ ಹವಾಕ್ಕ ಪಗಾರ ತಗೊಂಡಂವ’ ಎಂದೇ ಕರೆಯುತ್ತಾರೆ. ತಪ್ಪೇನಿಲ್ಲ. ಭೂಮಿಯ ಒಳಗೆ ಗಾಳಿ ತಾನಾಗಿ ಬರುವುದಿಲ್ಲ. ಮೇಲೆ ದೊಡ್ಡ ಫ್ಯಾನು ತಿರುಗುತ್ತದೆ ನಿಜ, ಆದರೆ ಗಾಳಿ ಸುಲಭದ ದಾರಿ ಹಿಡಿದು ಹೊರಟುಹೋಗುತ್ತದೆ. ಜನ ದುಡಿಯುವ ಕೊನೆಯ ಮೂಲೆಗೆ ಅದನ್ನು ಒಯ್ಯಬೇಕಾದರೆ ಎಲ್ಲಿ ಬಾಗಿಲು ಹಾಕಬೇಕು, ಎಲ್ಲಿ ದಪ್ಪ ಬಟ್ಟೆಯ ಪರದೆ ಇಳಿಬಿಡಬೇಕು ಎಂದು ತಿಳಿದಿರಬೇಕು. ನಮ್ಮ ಮೇಸ್ತ್ರಿ ಹೇಳುತ್ತಿದ್ದರು: “ಹವಾ ಅಂದ್ರ ದನ ಇದ್ದಂಗಲೇ. ಹಿಂದಿಂದ ನೂಕಬ್ಯಾಡ. ಹೋಗಬಾರದ ಸಂದಿ ಮುಚ್ಚು, ಹೋಗಬೇಕಾದ ಕಡಿ ತಾನ ಹೋಗತೈತಿ.” ಕಿಸೆಯಿಂದ ಒಂದು ದಾರ ತೆಗೆದು ಹಿಡಿದು ಅದು ಎತ್ತ ವಾಲುತ್ತದೆಂದು ತೋರಿಸುತ್ತಿದ್ದರು. ಗಣಿಯ ಆಳದಲ್ಲಿ ಬಿಸಿಗೆ ಕೊರತೆಯಿಲ್ಲ. ಅಲ್ಲಿ ನಾವು ಒಯ್ಯುತ್ತಿದ್ದದ್ದು ಯಾವಾಗಲೂ ತಂಪನ್ನೇ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಾನು ಮರೆತೆ.

ಸುವರ್ಣಾ ಹುಟ್ಟಿದ್ದು ಅಲ್ಲೇ, ಕಂಪನಿ ಕ್ವಾರ್ಟರ್ಸಿನಲ್ಲಿ. ಮದುವೆಯಾಗಿ ಸಿಂಧನೂರಿಗೆ ಹೋದಳು. ಗಂಡ ಮಹಾಂತೇಶ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಆ ವರ್ಷದ ಬೇಸಿಗೆಯಲ್ಲಿ ಅವನು ನಡುಕೋಣೆಗೆ ಒಂದು ಏಸಿ ಹಾಕಿಸಿದ. ಅದು ತಂಪನ್ನೂ ಕೊಡುತ್ತದೆ, ಬಿಸಿಯನ್ನೂ ಕೊಡುತ್ತದೆ ಎಂದು ಕೇಳಿ ಪಕ್ಕದ ಮನೆಯ ಖಾಜಾಬಿ ಗೋಡೆಯ ಆಚೆಯಿಂದಲೇ ನಕ್ಕಿದ್ದರು. “ಸಿಂಧನೂರಿಗೆ ಬಿಸಿಗಾಳಿ ತರೂದಂದ್ರ ಭತ್ತ ಬೆಳಿಯೂ ಜವಳಗೇರಿಗೆ ಭತ್ತ ತಂದಂಗ ಆತಲ್ರೀ ಮಾಂತೇಶಪ್ಪ!”

ಏಸಿ ಬಂದ ದಿನ ನನ್ನನ್ನು ಮಸ್ಕಿಯಿಂದ ಕರೆಸಿದ್ದರು. ಗಾಳಿಯ ಮನುಷ್ಯ ನಾನಲ್ಲವೆ! ಸ್ಟೂಲು ಹತ್ತಿ ಅದರ ಬಾಯಿಗೆ ಇರುವ ರೆಕ್ಕೆಯನ್ನು ನೋಡಿದೆ. ಗಾಳಿಯನ್ನು ಮೇಲಕ್ಕೋ ಕೆಳಕ್ಕೋ ತಿರುಗಿಸುವ ಉದ್ದನೆಯ ಪಟ್ಟಿ ಅದು. ತಂಪು ಗಾಳಿ ಭಾರ, ಮೇಲೆ ಬಿಟ್ಟರೆ ತಾನೇ ನೆಲಕ್ಕೆ ಇಳಿದು ಕೋಣೆಯನ್ನೆಲ್ಲ ತುಂಬುತ್ತದೆ. ಆದ್ದರಿಂದ ರೆಕ್ಕೆಯನ್ನು ಮೇಲ್ಮುಖ ಮಾಡಿ, ಫ್ಯಾನು ನಿಧಾನಕ್ಕಿಟ್ಟು, “ಇನ್ನ ಇದನ್ನ ಯಾರೂ ಮುಟ್ಟಬ್ಯಾಡ್ರಿ” ಎಂದು ಅಪ್ಪಣೆ ಮಾಡಿದೆ. ರಿಮೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಬ್ಬರ್ ಹಾಕಿಟ್ಟೆ. ಬೇಸಿಗೆಯೆಲ್ಲ ಕೋಣೆ ಬಾವಿಯಂತೆ ತಂಪಾಗಿತ್ತು. ಎಲ್ಲರೂ ಹೊಗಳಿದರು. ಹೊಗಳಿಸಿಕೊಂಡೆ.

ಆಮೇಲೆ ಚಳಿಗಾಲ ಬಂತು, ಸುವರ್ಣಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಅಂಗೈಯಗಲ. ಬೆಚ್ಚಗಿಡಿ, ಅದೇ ಅದಕ್ಕೆ ಔಷಧ ಎಂದರು ಡಾಕ್ಟರು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಆದರೆ ನನ್ನ ಹೆಂಡತಿ ತೀರಿ ಆಗಲೇ ಆರು ವರ್ಷವಾಗಿತ್ತು. ಮಹಾಂತೇಶನ ತಾಯಿ, ನಮ್ಮ ಬೀಗಿತ್ತಿ ಶಂಕ್ರಮ್ಮ, ಲಿಂಗಸುಗೂರಿನಿಂದ ಒಂದು ಟ್ರಂಕು, ಒಂದು ಹೊರಸು ಸಮೇತ ಬಂದಿಳಿದರು. “ತಾಯಿ ಇಲ್ಲದ ಮನಿಗಿ ಬಾಣಂತಿನ ಹೆಂಗ ಕಳಸೂದ್ರೀ ಬೀಗರ? ಅದು ನಿಮ್ಮ ಮಗಳಲ್ಲ, ನನ್ನ ಮಗಳು ಅಂತ ತಿಳಕೋರಿ. ನೀವು ಬಂದು ಬಾಗಲದಾಗ ಕುಂಡ್ರಿ, ಸಾಕು” ಎಂದರು. ನಾನು ಬಂದು ಕುಳಿತೆ.

ಹೊರಸು ಎಂದರೆ ನಾಲ್ಕು ಕಾಲಿನ, ಹಗ್ಗ ಹೆಣೆದ ಮಂಚ. ಅದರ ಮೇಲೇ ಬಾಣಂತಿ ಮಲಗಬೇಕೆಂದು ಅವರ ಹಟ. ಏಸಿಯನ್ನು ಬಿಸಿಗೆ ತಿರುಗಿಸಿ ಮೂವತ್ತಕ್ಕೆ ಇಟ್ಟದ್ದು ನಾನು. ಒಳಗೆ ಹೋಗಿ ನಿಂತೆ, ಹಣೆಗೆ ಬಿಸಿ ತಾಗಿತು, ತೃಪ್ತಿಯಿಂದ ಹೊರಗೆ ಬಂದೆ. ಎರಡನೆಯ ದಿನವೇ ಶಂಕ್ರಮ್ಮ ತಕರಾರು ತೆಗೆದರು.

“ಬೀಗರ, ತಲಿಗಿ ಬಿಸಿ ಐತಿ, ಕಾಲಿಗಿಲ್ಲ. ಕೂಸಿನ ಪಾದ ಕೊಡದ ನೀರಿನಂಗ ತಣ್ಣಗ ಅದಾವು.”

“ಮೂವತ್ತು ತೋರ್ಸಾಕತ್ತೈತಲ್ರೀ ಮಷೀನ.”

“ಮಷೀನ ಕೂಸಿನ ಕಾಲ ಮುಟ್ಟಿ ನೋಡೈತೇನು?”

ನಾನು ನಕ್ಕೆ. ಆ ಕೋಣೆಯ ಬಗ್ಗೆ ಅವರಿನ್ನೊಂದು ಮಾತು ಹೇಳಿದ್ದರು, ಅದಕ್ಕೂ ನಕ್ಕಿದ್ದೆ. ಇಂಗಿನ ಒಗ್ಗರಣೆ ಘಾಟು ಕೋಣೆಗೆ ನುಗ್ಗಿದಾಗ, “ಏನ ಫಿಕರ್ ಮಾಡಬ್ಯಾಡ್ರಿ, ಹೊರಗ ಡಬ್ಬಿ ತಿರಗಾಕತ್ತೈತಲ್ಲ, ಒಳಗಿನ ಕೆಟ್ಟ ಹವಾ ಎಲ್ಲಾ ಎಳದು ಒಗಿತೈತಿ” ಎಂದಿದ್ದರು. ಓಣಿಯ ಅರ್ಧ ಜನ ಹಾಗೆಯೇ ನಂಬಿದ್ದಾರೆ. ಏಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುವಿ ಬಿಡುತ್ತದೆ, ಹೊರಗಿನ ಡಬ್ಬಿಗೂ ಒಳಗಿನ ಗಾಳಿಗೂ ದಾರಿಯಿಲ್ಲ. ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಹೆಣ್ಣುಮಗಳ ಮಾತೆಂದು ನಕ್ಕು ಪೇಪರ್ ಬಿಡಿಸಿಕೊಂಡೆ.

ಆ ಬೆಳಿಗ್ಗೆ ಶಂಕ್ರಮ್ಮ ಐದಕ್ಕೇ ಎದ್ದು ಹಿತ್ತಲಲ್ಲಿ ಸಗಣಿಯ ಕುಳ್ಳು, ಜಾಲಿ ಕಟ್ಟಿಗೆ ಉರಿಸಿದ್ದಾರೆ. ಕೂಸಿಗೆ ಹೊಗೆ ತಾಗಬಾರದೆಂದು, ಒಂದೆಳೆ ಹೊಗೆಯೂ ಉಳಿಯದಷ್ಟು ಹೊತ್ತು ಉರಿಸಿ, ನಿಗಿನಿಗಿ ಕೆಂಡವನ್ನು ಕಬ್ಬಿಣದ ಬುಟ್ಟಿಗೆ ತುಂಬಿ, ಬೂದಿ ಮುಚ್ಚಿ, ಹೊರಸಿನ ಕೆಳಗೆ ಸರಿಸಿದ್ದಾರೆ. ಕಿಟಕಿ ಅಲ್ಯುಮಿನಿಯಂದು, ಬಿಗಿಯಾಗಿ ಕೂಡಿಕೊಳ್ಳುತ್ತದೆ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ತುರುಕಿದ್ದಾರೆ. ಆಮೇಲೆ ಕೂಸಿಗೆ ಎರೆಯಲು ನೀರು ಕಾಯಿಸಲು ಹೋಗಿದ್ದಾರೆ. ಇಷ್ಟನ್ನು ಅವರೇ ಆಮೇಲೆ ಹೇಳಿದ್ದು. ಒಂದನ್ನೂ ಅವರು ಮುಚ್ಚಿಡಲಿಲ್ಲ.

ನಾನು ಹಾಲು ತಂದು ಒಳಗಿಟ್ಟು, ಮಗಳನ್ನು ಮಾತಾಡಿಸೋಣವೆಂದು ಬಾಗಿಲು ನೂಕಿದೆ. ಸೀರೆ ಅಡ್ಡ ಬಂದು ಬಾಗಿಲು ಗಟ್ಟಿಯಾಗಿತ್ತು. ಎರಡನೆಯ ನೂಕಿಗೆ ತೆರೆಯಿತು.

ವಾಸನೆ ಇರಲಿಲ್ಲ. ಹೊಗೆ ಇರಲಿಲ್ಲ. ಏಸಿ ಮೆಲ್ಲಗೆ ಸದ್ದು ಮಾಡುತ್ತಿತ್ತು. ಹೊರಸಿನ ಕೆಳಗೆ, ಬೂದಿಯ ಬಿರುಕಿನಲ್ಲಿ ಒಂದು ಕೆಂಪು ಗೆರೆ ಕಂಡಿತು.

ಈಗ ನಾನು ಹೇಳುವುದನ್ನು ನನ್ನ ಮಗಳಿಗೂ ಬಹಳ ದಿನ ಹೇಳಿರಲಿಲ್ಲ. ಆ ಕೆಂಪು ಕಂಡಾಗ ನನಗೆ ಭಯವಾಗಲಿಲ್ಲ. ಸಂತೋಷವಾಯಿತು.

ಮಸ್ಕಿಯ ನಮ್ಮ ಹಳೆಯ ಮನೆಯ ಕತ್ತಲೆ ಕೋಣೆ ಕಣ್ಣ ಮುಂದೆ ಬಂತು. ಮಣ್ಣಿನ ಮಾಳಿಗೆ, ಮೇಲೆ ಎರಡು ಅಂಗೈ ಅಗಲದ ಗವಾಕ್ಷಿ, ಅದರಿಂದ ಇಳಿದ ಬೆಳಕಿನ ಕೋಲಿನಲ್ಲಿ ಹಾರುವ ಕಣಗಳು. ಹೊರಸಿನ ಮೇಲೆ ನನ್ನ ತಾಯಿ, ಅವಳ ಪಕ್ಕ ತಮ್ಮನೋ ತಂಗಿಯೋ, ಕೆಳಗೆ ಕೆಂಡ. ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನದ ವಾಸನೆ. ಹೊರಸಿನ ಹಗ್ಗದ ನಡುವೆ ಕೈ ತೂರಿಸಿದರೆ ಅಂಗೈ ಹಿತವಾಗಿ ಕಾಯುತ್ತಿತ್ತು. ಅವ್ವ ಅಂಟಿನ ಉಂಡೆ ಮುರಿದು ಅರ್ಧ ಕೊಟ್ಟು, “ನಿಮ್ಮ ಆಯಿಗಿ ಹೇಳಬ್ಯಾಡ” ಎನ್ನುತ್ತಿದ್ದಳು. ನನ್ನ ಬದುಕಿನಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗದಲ್ಲಿ ನಾನು ಇದ್ದಿಲ್ಲ. ಸಿಂಧನೂರಿನ ಆ ಕೋಣೆಯ ಬಾಗಿಲಲ್ಲಿ ನಿಂತು, ಎಷ್ಟೋ ವರ್ಷದ ಮೇಲೆ, ನಾನು ಮನೆಗೆ ಬಂದಂತೆ ನಿಂತುಬಿಟ್ಟೆ.

ಎಷ್ಟು ಹೊತ್ತು? ಬಹಳ ಸಲ ಲೆಕ್ಕ ಹಾಕಿದ್ದೇನೆ. ಮೂರು ಉಸಿರಿನಷ್ಟು. ನಾಲ್ಕನೆಯದಕ್ಕೆ ತಲೆ ಎತ್ತಿದೆ, ಗವಾಕ್ಷಿಗಾಗಿ. ಅಲ್ಲಿ ಬಿಳಿ ಬಣ್ಣ ಹೊಡೆದ ಸಿಮೆಂಟಿನ ಛತ್ತು ಇತ್ತು.

ಆಗ ಕೂಗಿದೆ. ನನ್ನ ಧ್ವನಿಯೇ ಅಲ್ಲವೆನ್ನಿಸಿತು. ಶಂಕ್ರಮ್ಮ ಒದ್ದೆ ಕೈಯಲ್ಲೇ ಓಡಿಬಂದು, ನನ್ನನ್ನು ಪಕ್ಕಕ್ಕೆ ನೂಕಿ, ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದರು. ಖಾಜಾಬಿ ಹೇಗೆ ಬಂದರೋ ತಿಳಿಯದು, ಅವರು ತಲೆಯ ಕಡೆ, ನಾನು ಕಾಲ ಕಡೆ ಹಿಡಿದು ಸುವರ್ಣಾಳನ್ನೂ ಹಿತ್ತಲಿಗೆ ಹೊತ್ತು ತಂದೆವು. ಥಂಡಿ ಗಾಳಿಗೆ ಅವಳು ವಾಂತಿ ಮಾಡಿಕೊಂಡಳು. “ಯಪ್ಪಾ, ತಲಿ ಸಿಡಿಯಾಕತ್ತೈತಿ” ಎಂದಳು. ಅಷ್ಟು ಒಳ್ಳೆಯ ಮಾತು ನಾನು ಕೇಳಿಲ್ಲ.

ಕೂಸು ಮಾತ್ರ ಮೆತ್ತಗೆ ಇಳಿಬಿದ್ದಿತ್ತು. ಶಂಕ್ರಮ್ಮ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಅದರ ಪಾದ ತಿಕ್ಕುತ್ತ, ಮುಖಕ್ಕೆ ಊದುತ್ತ, “ಅಳಬೇ ನನ್ನವ್ವ, ಅಳು, ಬೈ ನನ್ನ, ಅಳು” ಎನ್ನುತ್ತಿದ್ದರು. ಖಾಜಾಬಿ ಆಟೋ ತರಲು ಓಡಿದರು. ಅವರು ಬರುವ ಮೊದಲು ಕೂಸು ಒಂದು ಸಲ ಕೆಮ್ಮಿ, ಬೆಕ್ಕಿನ ಮರಿಯಂತೆ ಅತ್ತಿತು.

ಮುಚ್ಚಿದ ಕೋಣೆಯ ಕೆಂಡದಿಂದ ವಾಸನೆಯಿಲ್ಲದ ವಿಷಗಾಳಿ ಒಳಗೆ ಹೋಗಿದೆ ಎಂದು ದವಾಖಾನೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಎಂದು ಡಾಕ್ಟರು ಹೇಳಲು ಹೊರಟು ಅರ್ಧಕ್ಕೇ ಬಿಟ್ಟರು. “ಬೆಂಕಿ ಇಟ್ಟವರು ಯಾರು?” ಎಂದು ಕೇಳಿದರು.

“ನಾನ ಇಟ್ಟೀನ್ರೀ” ಎಂದರು ಶಂಕ್ರಮ್ಮ.

ಅದರ ಹಿಂದೆ ಹೇಳಬೇಕಾದ ಇನ್ನೊಂದು ಮಾತು ಇತ್ತು, ಅವರ ತಕರಾರಿಗೆ ನಾನು ನಕ್ಕದ್ದು; ಅದು ನನ್ನ ಬಾಯಲ್ಲಿತ್ತು. ಯಾರೂ ನನ್ನನ್ನು ಕೇಳಲಿಲ್ಲ. ಸಾಮಾನು ತರಲು ರಾಯಚೂರಿಗೆ ಹೋಗಿದ್ದ ಮಹಾಂತೇಶ ಫೋನಿನಲ್ಲಿ ತಾಯಿಯ ಮೇಲೆ ಕೂಗಾಡಿದ್ದು ನನಗೂ ಕೇಳಿಸಿತು: “ನಿನ್ನ ಕಾಲದ ಬೆಂಕಿಗಿ ನನ್ನ ಕೂಸನ್ನ ಸುಡಾಕ ಕುಂತಿದ್ದೇನಬೇ?” ಶಂಕ್ರಮ್ಮ ಫೋನು ಕಿವಿಯಿಂದ ತೆಗೆಯಲಿಲ್ಲ. ಅವನು ಹೇಳಿ ಮುಗಿಸುವವರೆಗೂ ಹಿಡಿದುಕೊಂಡೇ ಇದ್ದರು. ಮಧ್ಯಾಹ್ನಕ್ಕೆ ಓಣಿಗೆಲ್ಲ ಸುದ್ದಿ ಹಬ್ಬಿತು, ಅತ್ತಿ ಸೊಸಿ ಕೆಳಗ ಬೆಂಕಿ ಇಟ್ಟಳಂತ ಎಂದು. ತಾಯಿ ಮಗುವಿಗೆ ಏನೂ ಧಕ್ಕೆಯಿಲ್ಲ ಎಂದು ಡಾಕ್ಟರು ಹೇಳಿದ ಸಂಜೆಯೇ ಶಂಕ್ರಮ್ಮ ಟ್ರಂಕು ಎತ್ತಿದರು. “ಇನ್ನ ಈ ಕೈ ಆ ಕೂಸಿಗಿ ಹತ್ತಬಾರದ್ರೀ” ಎಂದು ಲಿಂಗಸುಗೂರಿನ ಬಸ್ಸು ಹತ್ತಿದರು.

ಮರುದಿನ ಆ ಖಾಲಿ ಕೋಣೆಯಲ್ಲಿ ಕಡ್ಡಿಗೆ ದಾರ ಕಟ್ಟಿದೆ. ಏಸಿಯನ್ನು ಮೊದಲಿದ್ದಂತೆಯೇ ಹಚ್ಚಿ ನಡುವೆ ಹಿಡಿದು ನಿಂತೆ. ತಲೆಯ ದಾರ ಓಲಾಡಿತು. ಎದೆಯದು ಸ್ವಲ್ಪ. ಸೊಂಟ, ಮೊಣಕಾಲು, ಪಾದದವು ಸತ್ತಂತೆ ತೂಗಿಬಿದ್ದಿದ್ದವು. ಸ್ಟೂಲು ಹತ್ತಿ ನೋಡಿದರೆ ಕಪಾಟಿನ ಮೇಲಿಟ್ಟ ಬೆಲ್ಲದ ಪೆಂಟೆ ಬೆವೆತು ಜಿನುಗುತ್ತಿತ್ತು. ಇಳಿದು ನೆಲಕ್ಕೆ ಅಂಗೈ ಇಟ್ಟೆ. ಕಲ್ಲಿನಷ್ಟು ತಣ್ಣಗಿತ್ತು. ಬಿಸಿ ಹಗುರ. ಮೇಲ್ಮುಖ ಬಿಟ್ಟರೆ ಮೇಲೆಯೇ ಉಳಿಯುತ್ತದೆ. ಮಷೀನು ಇರುವುದೂ ಮೇಲೆ. ತನ್ನ ಸುತ್ತ ಕಾದ ಕೂಡಲೇ ಕೋಣೆಯೆಲ್ಲ ಕಾಯಿತೆಂದು ತಿಳಿದು ಸುಮ್ಮನಾಗುತ್ತದೆ. ನಾನು ಮಾಡಿದ್ದೂ ಅದನ್ನೇ ಅಲ್ಲವೆ, ಹಣೆಗೆ ಬಿಸಿ ತಾಗಿದ್ದೇ ಸಾಕೆಂದು ಹೊರಗೆ ಬಂದವನು. ಆ ರೆಕ್ಕೆಯನ್ನು ಬೇಸಿಗೆಯಲ್ಲಿ ಮೇಲೆತ್ತಿ ಯಾರೂ ಮುಟ್ಟಬೇಡಿ ಎಂದವನೂ ನಾನೇ.

ಇಡೀ ದಿನ ಅದರಲ್ಲೇ ಕಳೆದೆ. ರೆಕ್ಕೆಯನ್ನು ಪೂರ್ತಿ ಕೆಳಮುಖ ಮಾಡಿದೆ. ಅದರ ಫ್ಯಾನು ಜೋರು ಮಾಡಿದೆ, ಬಿಸಿ ನೆಲ ಮುಟ್ಟುವಷ್ಟು. ಛತ್ತಿನ ಫ್ಯಾನನ್ನು ತೀರಾ ನಿಧಾನಕ್ಕಿಟ್ಟೆ, ಮೇಲೆ ಕೂಡಿದ್ದನ್ನು ಕೆಳಗೆ ಇಳಿಸಲು. ಗಾಳಿ ನೇರವಾಗಿ ಕೂಸಿಗೆ ಬಡಿಯದಂತೆ ಹೊರಸನ್ನು ಎದುರಿನಿಂದ ಪಕ್ಕಕ್ಕೆ ಎಳೆದೆ. ದಾರಿ ತಡೆಯುತ್ತಿದ್ದ ಮನೆಯ ಸಾಮಾನನ್ನು ಹೊರಗೆ ಹಾಕಿದೆ. ಏಸಿಯ ಧೂಳು ತುಂಬಿದ ಜಾಲರಿಯನ್ನು ತೊಳೆದೆ. ಕಿಟಕಿಯನ್ನು ಒಂದು ಬೆರಳಿನಷ್ಟು ಸರಿಸಿದೆ. ಸಂಜೆಯ ಹೊತ್ತಿಗೆ ಐದೂ ದಾರ ಒಂದೇ ಸಮ ಅಲ್ಲಾಡಿದವು, ಮೂವತ್ತರಿಂದ ಇಪ್ಪತ್ತಾರಕ್ಕೆ ಇಳಿಸಿದರೂ ನೆಲ ಬೆಚ್ಚಗಿತ್ತು. ಇಷ್ಟೇ ಕೆಲಸ. ಇಷ್ಟು ಮೊದಲೇ ಮಾಡಿದ್ದರೆ ಆ ಹೆಣ್ಣುಮಗಳು ಕೆಂಡ ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಹನ್ನೆರಡು ದಿನ ಸುಮ್ಮನಿದ್ದೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ. ಹದಿಮೂರನೆಯ ದಿನ ಕಡ್ಡಿ ಹಿಡಿದುಕೊಂಡು ಲಿಂಗಸುಗೂರಿಗೆ ಹೊರಟೆ. ಬಸ್ಸಿನಲ್ಲಿ ಕಂಡಕ್ಟರ್ ದಾರ ನೋಡಿ, “ಏನ್ರೀ ಯಜ್ಜಾ, ಈ ವಯಸ್ಸಿನ್ಯಾಗ ಮೀನಾ ಹಿಡಿಯಾಕ ಹೊಂಟೀರೇನು?” ಎಂದ. ಹೌದೆಂದೆ. ಮಸ್ಕಿ ಬಂತು, ನಮ್ಮೂರು. ಇಳಿದುಬಿಡಲು ಕಾಲು ಹವಣಿಸಿತು. ಇಳಿಯಲಿಲ್ಲ.

ಶಂಕ್ರಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಮೊರ ಕೆಳಗಿಡಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ: ರೆಕ್ಕೆ, ಬೆಲ್ಲ, ದಾರ, ಡಬ್ಬಿಯ ಮಾತಿಗೆ ನಕ್ಕದ್ದು, ಮೂರು ಉಸಿರು.

ತೊಗರಿಯೊಳಗಿನ ಒಂದು ಹರಳು ಆರಿಸಿ ಎಸೆದು ಅವರೆಂದರು: “ಬೆಂಕಿ ಇಟ್ಟಾಕಿ ನಾನ. ಅದು ನಂದ. ಅದನ್ನ ನೀವ ತಗೋಬ್ಯಾಡ್ರಿ.”

“ಥಂಡಿ ಇಟ್ಟಂವ ನಾ ಅದೀನಿ.”

“ಹಂಗಾರ ಅದನ್ನ ನನ್ನ ಮುಂದ ಯಾಕ ಹೇಳಾಕತ್ತೀರಿ? ನನಗ ಗೊತ್ತಿತ್ತು, ಕೂಸಿನ ಕಾಲ ಮುಟ್ಟಿದಾಕಿ ನಾನ. ಫೋನಿನ್ಯಾಗ ಒದರಿದಂವನ ಮುಂದ ಹೇಳ್ರಿ. ಆ ಖಾಜಾಬಿ ಮುಂದ ಹೇಳ್ರಿ, ಓಣಿಗೆಲ್ಲಾ ಆಕೀನ ರೇಡಿಯೋ.” ಮೊರ ಜಾಡಿಸಿದರು. “ಮೂವತ್ತ ವರ್ಷ ನಿಮ್ಮನ್ನ ನೆಲದಾಗ ಇಳಿಸಿದ್ರಲ್ಲ, ಇಷ್ಟ ಹೇಳಾಕ ಲಿಂಗಸೂರ ತನಕ ಬರಬೇಕಾತೇನ್ರೀ? ಚಾ ಕುಡೀರಿ, ಹೋಗ್ರಿ.”

ಚಹಾ ಕುಡಿದೆ, ಹೋದೆ. ಅಂದೇ ಸಂಜೆ ಸಿಂಧನೂರಿನ ಆ ಕೋಣೆಯಲ್ಲಿ ಅಳಿಯನನ್ನು, ಮಗಳನ್ನು, ಖಾಜಾಬಿಯನ್ನು ಕೂಡಿಸಿ, ಕಡ್ಡಿ ಹಿಡಿದು, ರೆಕ್ಕೆಯನ್ನು ಮೊದಲಿದ್ದಂತೆ ಮೇಲೆತ್ತಿ ತೋರಿಸಿದೆ. ಸತ್ತುಬಿದ್ದ ದಾರಗಳನ್ನು ಮಹಾಂತೇಶ ನೋಡಿದ. ಬಗ್ಗಿ ನೆಲ ಮುಟ್ಟಿದ. ಚಪ್ಪಲಿ ಮೆಟ್ಟಿ, ಗಾಡಿಯ ಕೀಲಿ ತೆಗೆದುಕೊಂಡು ತಾಯಿಯನ್ನು ಕರೆತರಲು ಹೊರಟುಹೋದ. “ಯಾ ಅಲ್ಲಾ, ನಾನೂ ಅಕಿನ್ನ ಬೈದು ಬಿಟ್ಟೆನಲ್ಲ” ಎಂದು ಖಾಜಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಶಂಕ್ರಮ್ಮ ಮರುದಿನ ಬಂದರು. ಕೈಕಾಲು ತೊಳೆದು ಕೋಣೆಯೊಳಗೆ ಬಂದು ಕುಳಿತರು. ಸುವರ್ಣಾ ಕೂಸನ್ನು ಕೊಡಲು ಹೋದರೆ ಬೇಡವೆಂದರು. ನನ್ನತ್ತ ನೋಡಿ, “ನೀವ ಕೊಡ್ರಿ. ನಿಮ್ಮ ಕೈಲೆ ಕೊಡ್ರಿ” ಎಂದರು. ಕೂಸಿನ ಕುತ್ತಿಗೆಗೆ ಕೈ ಕೊಡದೆಯೇ ಎತ್ತಹೋದೆ. “ಬೀಳಸೀರಿ ಮತ್ತ! ಅದೂ ನನ್ನ ಮ್ಯಾಲ ಬರತೈತಿ” ಎಂದು ಅವರೇ ಕೈ ಚಾಚಿ ತೆಗೆದುಕೊಂಡರು.

ಇದನ್ನು ನಾನು ಬರೆದಿಡುವುದು, ಬಾಯಿಂದ ಬಾಯಿಗೆ ಹೋಗುವಾಗ ಈ ಕಥೆಯಲ್ಲಿ ಬೆಂಕಿ ಒಂದೇ ಉಳಿಯುತ್ತದೆಂದು. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಬಲ್ಲವರು ಇದ್ದಾರೆ. ಖಾಜಾಬಿ ಅದೇ ಮನೆಯಲ್ಲಿದ್ದಾರೆ, ಮೊಣಕಾಲು ನೋವೊಂದು ಬಿಟ್ಟರೆ ಚೆನ್ನಾಗಿದ್ದಾರೆ. ಶಂಕ್ರಮ್ಮ ಲಿಂಗಸುಗೂರಿನಲ್ಲಿ ಅರ್ಧ ತಿಂಗಳು, ಸಿಂಧನೂರಿನಲ್ಲಿ ಅರ್ಧ ತಿಂಗಳು ಇರುತ್ತಾರೆ. ಸುವರ್ಣಾ ಇದ್ದಾಳೆ. ಕೂಸಿಗೆ ಗೌರಿ ಎಂದು ಹೆಸರಿಟ್ಟೆವು. ಹಿತ್ತಲಲ್ಲಿ ಅತ್ತ ಮೇಲೆ ಅದು ಕಣ್ಣು ಬಿಟ್ಟು ಒಬ್ಬೊಬ್ಬರನ್ನೂ ನೋಡಿತ್ತು. ಏನು ಕಂಡಿತೋ ಹೇಳಲು ಬರುವುದಿಲ್ಲ. ಅವಳೂ ಇದ್ದಾಳೆ.